ಸರಿಯುವ ಸೂರು, ಎರಡು ಮಳೆಗಾಲದ ನಂತರ: ಗ್ರಿಲ್ ಅಂಗಡಿಯವರು ಕಟ್ಟಿಕೊಟ್ಟ ನಮ್ಮ ಹಿತ್ತಲ ವೀಕ್ಷಣಾಲಯ

ಹಿತ್ತಲಲ್ಲಿ ದೂರದರ್ಶಕಕ್ಕೆ ಒಂದು ಪುಟ್ಟ ಮನೆ ಕಟ್ಟಿಸೋಣ ಅಂತ ಆಸೆ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನಿರುವುದು ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. 2024ರ ಜನವರಿಯಲ್ಲಿ ಪಾಯ ತೋಡಿಸಿದೆವು, ಏಪ್ರಿಲ್ ಕೊನೆಗೆ ಸೂರು ಸರಿಯಿತು. ಹೊಸದರಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಅದಕ್ಕೇ ಎರಡು ಮಳೆಗಾಲ, ಎರಡು ಆಷಾಢದ ಗಾಳಿ ಕಳೆಯಲಿ ಅಂತ ಕಾದೆ.

ಕಟ್ಟಿಕೊಟ್ಟವರು ಗೇಟು, ಕಿಟಕಿ ಗ್ರಿಲ್ಲು, ದನದ ಕೊಟ್ಟಿಗೆಗೆ ಶೀಟು ಹೊದಿಸುವ ಒಂದು ಸಣ್ಣ ವೆಲ್ಡಿಂಗ್ ಅಂಗಡಿಯವರು. ಅಂಗಡಿಯ ಹೆಸರು ಇಲ್ಲಿ ಹಾಕುತ್ತಿಲ್ಲ. ಮೇಸ್ತ್ರಿಯೇ ಬೇಡ ಅಂದರು. ಇರುವುದು ಅವರು, ಜೊತೆಗೆ ಇಬ್ಬರು ಹುಡುಗರು. ದೂರದೂರಿನಿಂದ ಫೋನ್ ಬಂದರೆ ಹೋಗಿ ಮಾಡಿಕೊಡುವುದಕ್ಕೆ ಅವರಿಗೆ ಆಗುವುದಿಲ್ಲ. ಆದರೆ ಇಂಥ ಅಂಗಡಿ ನಿಮ್ಮೂರ ಬಸ್‌ಸ್ಟ್ಯಾಂಡ್ ಹಿಂದೆಯೂ ಒಂದು ಇದ್ದೇ ಇರುತ್ತದೆ.

ನನ್ನ ಬಳಿ ಇರುವುದು 8 ಇಂಚಿನ ಕನ್ನಡಿಯ ನ್ಯೂಟೋನಿಯನ್ ದೂರದರ್ಶಕ ಮತ್ತು ಅದನ್ನು ಹೊತ್ತು, ನಕ್ಷತ್ರಗಳು ಸರಿದಂತೆ ತಿರುಗಿಸುವ ಈಕ್ವಟೋರಿಯಲ್ ಮೌಂಟ್. ತೂಕದ ಬಿಲ್ಲೆಗಳೂ ಸೇರಿ 40 ಕೆಜಿ ಮೇಲಿದೆ. ದಿನಾ ರಾತ್ರಿ ನಾಲ್ಕು ಸಲ ಓಡಾಡಿ ಅಂಗಳಕ್ಕೆ ತರಬೇಕು, ಧ್ರುವ ನಕ್ಷತ್ರಕ್ಕೆ ಹೊಂದಿಸಬೇಕು, ಆಮೇಲೆ ಮತ್ತೆ ಬಿಚ್ಚಿ ಒಳಗಿಡಬೇಕು. ಬೆಳಿಗ್ಗೆ ಸ್ಕೂಲಿಗೆ ಹೋಗುವವರಿಗೆ ಇದು ವಾರಕ್ಕೆ ಒಂದು ದಿನವೂ ಆಗುವ ಮಾತಲ್ಲ. ಚಿತ್ರದುರ್ಗದ ಕಡೆ ಮಳೆ ಕಮ್ಮಿ, ನವೆಂಬರ್‌ನಿಂದ ಮೇವರೆಗೆ ಒಳ್ಳೆಯ ಆಕಾಶ. ಅಂಥ ಆಕಾಶದ ಕೆಳಗೆ ದೂರದರ್ಶಕ ಮಂಚದಡಿ ಮಲಗಿರುವುದು ನೋಡಿ ನೋಡಿ ಸಂಕಟ ಆಗುತ್ತಿತ್ತು.

ವೀಕ್ಷಣಾಲಯ ಅಂದರೆ ಎಲ್ಲರ ಕಣ್ಣಿಗೂ ಬರುವುದು ಗುಮ್ಮಟ. ಸ್ಕೂಲ್ ಮಕ್ಕಳನ್ನು ಕರೆದುಕೊಂಡು ತಮಿಳುನಾಡಿನ ಕಾವಲೂರಿಗೆ ಹೋದಾಗ 2.34 ಮೀಟರ್‌ನ ವೈನು ಬಾಪು ದೂರದರ್ಶಕದ ಗುಮ್ಮಟದ ಕೆಳಗೆ ನಿಂತು ನಾನೂ ಮಾತು ಬಾರದೆ ನೋಡಿದ್ದೆ. ಮನೆಗೆ ಅದು ಬೇಡ. ಗುಮ್ಮಟದಲ್ಲಿ ಒಂದು ಸೀಳಿನಷ್ಟು ಆಕಾಶ ಮಾತ್ರ ಕಾಣುತ್ತದೆ, ದೂರದರ್ಶಕ ತಿರುಗಿದಂತೆಲ್ಲ ಅದನ್ನೂ ತಿರುಗಿಸಬೇಕು. ಗಾಳಿ, ಇಬ್ಬನಿ ತಡೆಯುವುದರಲ್ಲಿ ಅದು ಮೇಲು, ನಿಜ. ಆದರೆ ನನಗೆ ಹತ್ತು ಮಕ್ಕಳನ್ನು ನಿಲ್ಲಿಸಿ ಇಡೀ ಆಕಾಶ ತೋರಿಸಬೇಕಿತ್ತು. ನಾಲ್ಕು ಗೋಡೆ, ಮೇಲೆ ಗಾಲಿಯ ಮೇಲೆ ಸರಿಯುವ ಸೂರು. ಸೂರು ಪಕ್ಕಕ್ಕೆ ಹೋದರೆ ಬಾನು ಪೂರ್ತಿ ನಿಮ್ಮದು.

ಚಿತ್ರ ಬರೆದುಕೊಂಡು ಅಂಗಡಿಗೆ ಹೋದೆ. ಮೇಸ್ತ್ರಿ ಎರಡು ನಿಮಿಷ ನೋಡಿದರು. "ಇದೇನ್ ಮೇಡಂ, ಸ್ಲೈಡಿಂಗ್ ಗೇಟ್ ಮಲಗಿಸಿದಂಗೆ ಅಷ್ಟೇ ಅಲ್ವಾ?" ಅಂದರು. ಇವರ ಕೈಗೆ ಕೊಡಬಹುದು ಅಂತ ಅಲ್ಲೇ ಅನ್ನಿಸಿತು.

ಅಳತೆ ನಿರ್ಧಾರ ಮಾಡಿದ್ದೂ ಅವರೇ. ನಾನು 12 ಅಡಿ ಚೌಕ ಬೇಕು ಅಂದಿದ್ದೆ. ಸೂರು ಪೂರ್ತಿ ಹೊರಗೆ ಹೋಗಬೇಕಾದರೆ ಹಳಿ, ಅದನ್ನು ಹೊರುವ ಚಾನೆಲ್ (ಸಿ ಆಕಾರದ ಉದ್ದನೆಯ ಕಬ್ಬಿಣ) ಎರಡೂ ಕಟ್ಟಡದ ಎರಡರಷ್ಟು ಉದ್ದ ಬೇಕು, ಅಂದರೆ 24 ಅಡಿ. "ಚಾನೆಲ್ ಬರೋದೇ 20 ಅಡಿ. 24 ಮಾಡಿದ್ರೆ ಜಾಯಿಂಟ್ ಬರುತ್ತೆ. ಜಾಯಿಂಟ್ ಬಂದ ಕಡೆ ಗಾಲಿ ಕುಣಿಯುತ್ತೆ," ಅಂದರು. ಹಾಗಾಗಿ 10 ಅಡಿ ಚೌಕಕ್ಕೆ ಇಳಿದೆವು. ಎರಡು ಬದಿಗೂ 4 ಇಂಚಿನ ಸಿ ಚಾನೆಲ್ ಒಂದೊಂದೇ ಉದ್ದ, ನಡುವೆ ಕೂಡಿಕೆ ಇಲ್ಲ. ಹಳಿಯ ಅರ್ಧ ಗೋಡೆಯ ಮೇಲೆ, ಉಳಿದರ್ಧ ಹೊರಗೆ ಕಂಬಗಳ ಮೇಲೆ. ಹೊರಗಿನ ಆ ಭಾಗಕ್ಕೆ ನಮ್ಮ ಮನೆಯಲ್ಲಿ ಎಲ್ಲರೂ ಹಂದರ ಅಂತಲೇ ಕರೆಯುತ್ತಾರೆ. ನಮ್ಮತ್ತೆಗೆ ಅದರ ಮೇಲೆ ಅವರೆ ಬಳ್ಳಿ ಹಬ್ಬಿಸುವ ಆಸೆ ಇನ್ನೂ ಹೋಗಿಲ್ಲ.

ಸೂರು ಯಾವ ಕಡೆಗೆ ಸರಿಯಬೇಕು ಅನ್ನುವುದು ನಮ್ಮ ಸೀಮೆಯವರು ಜಾಸ್ತಿ ಯೋಚಿಸಬೇಕಾದ ಸಂಗತಿ. ಯುರೋಪು, ಅಮೆರಿಕದವರ ನಕ್ಷೆಗಳಲ್ಲಿ ಸಾಮಾನ್ಯವಾಗಿ ಉತ್ತರಕ್ಕೆ ಸರಿಸಿರುತ್ತಾರೆ. ಅವರಿಗೆ ಅದು ಸರಿ. ಅಲ್ಲಿ ಧ್ರುವ ನಕ್ಷತ್ರ 40, 50 ಡಿಗ್ರಿ ಎತ್ತರದಲ್ಲಿರುತ್ತದೆ, ಸರಿದ ಸೂರಿನ ಮೇಲೇ ಕಾಣುತ್ತದೆ. ಹಿರಿಯೂರಿನ ಅಕ್ಷಾಂಶ ಸುಮಾರು 14 ಡಿಗ್ರಿ. ಧ್ರುವ ನಕ್ಷತ್ರದ ಎತ್ತರವೂ ಅಷ್ಟೇ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ದಿಗಂತದಿಂದ ಒಂದೂವರೆ ಮುಷ್ಟಿ. ಉತ್ತರಕ್ಕೆ ಸರಿಸಿದರೆ ಮೌಂಟ್ ಹೊಂದಿಸಲು ಬೇಕಾದ ನಕ್ಷತ್ರವೇ ಸೂರಿನ ಹಿಂದೆ ಅಡಗಿಬಿಡುತ್ತದೆ.

ದಕ್ಷಿಣಕ್ಕೆ ಸರಿಸೋಣ ಅಂದರೆ ಅದು ಇನ್ನೂ ದೊಡ್ಡ ನಷ್ಟ. ನಮಗೆ ಸಿಕ್ಕ ಭಾಗ್ಯವೇ ಆ ಕಡೆಯ ಆಕಾಶ. ಒಮೇಗಾ ಸೆಂಟಾರಿ ಅನ್ನುವ ನಕ್ಷತ್ರಗುಚ್ಛ ಇಲ್ಲಿಂದ 28 ಡಿಗ್ರಿ ಏರುತ್ತದೆ. ಅಗಸ್ತ್ಯ ನಕ್ಷತ್ರ ಚಳಿಗಾಲದ ರಾತ್ರಿ ಝಗಝಗ ಅಂತ ನಿಂತಿರುತ್ತದೆ. ತ್ರಿಶಂಕು ನಕ್ಷತ್ರಪುಂಜ ಬೇಸಿಗೆಯಲ್ಲಿ ತೆಂಗಿನ ತೋಟದ ತಲೆಯ ಮೇಲೆ ಬರುತ್ತದೆ. ಲಂಡನ್ನಿನವರಿಗೆ ಇವುಗಳಲ್ಲಿ ಒಂದೂ ಕಾಣುವುದಿಲ್ಲ. ಇದನ್ನು ಬಿಟ್ಟುಕೊಡಲು ಸಾಧ್ಯವೇ ಇರಲಿಲ್ಲ.

ನಮಗೆ ಪಶ್ಚಿಮದಲ್ಲಿ ಒಂದು ಹಳೇ ಹುಣಸೆಮರ, ಅದರ ಹಿಂದೆ ಪೇಟೆಯ ಬೆಳಕು. ಕಳೆದುಕೊಳ್ಳುವುದಕ್ಕೆ ಅಲ್ಲಿ ಹೆಚ್ಚೇನಿಲ್ಲ ಅಂತ ಪಶ್ಚಿಮಕ್ಕೇ ಸರಿಸಿದೆವು. ಬೆಲೆ ತೆತ್ತಿದ್ದು ಒಂದೇ ಸಲ. 2024ರ ಅಕ್ಟೋಬರ್‌ನಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಸಂಜೆ ಹೊತ್ತು ಪಶ್ಚಿಮದಲ್ಲೇ ಬಂತು. ಸೂರು ಅಡ್ಡ. ಹೊಲದ ಬದುವಿನ ಮೇಲೆ ನಿಂತು ಬೈನಾಕ್ಯುಲರ್‌ನಲ್ಲಿ ನೋಡಿದೆವು.

ದೂರದರ್ಶಕ ಕೂರುವ ಕಂಬ ಗಾರೆಯವರ ಕೆಲಸ. ಮೂರು ಅಡಿ ಆಳಕ್ಕೆ ಗುಂಡಿ ತೋಡಿ, ಕಬ್ಬಿಣ ಕಟ್ಟಿ, ಒಂದು ಅಡಿ ದಪ್ಪದ ಕಾಂಕ್ರೀಟ್ ಕಂಬ ಎಬ್ಬಿಸಿದರು. ಇದರಲ್ಲಿ ಒಂದೇ ಒಂದು ನಿಯಮ: ಕಂಬ ನೆಲದ ಕಾಂಕ್ರೀಟನ್ನು ಮುಟ್ಟಬಾರದು. ಸುತ್ತ ಒಂದು ಇಂಚು ಥರ್ಮೋಕೋಲ್ ಇಟ್ಟು ಬಿಡಿಸಿದೆವು. ಗಾರೆಯವರಿಗೆ ಇದು ಒಪ್ಪಿಗೆಯಾಗಲಿಲ್ಲ, ಬಿಟ್ಟ ಸಂದಿ ಮುಚ್ಚಲು ಎರಡು ಸಲ ಸಿಮೆಂಟ್ ಕಲಸಿದ್ದರು. ಪಕ್ಕದಲ್ಲೇ ನಿಂತು ಕಾದೆ. ಈಗ ಗುರುಗ್ರಹವನ್ನು 200 ಪಟ್ಟು ದೊಡ್ಡದು ಮಾಡಿ ನೋಡುವಾಗ ಮಕ್ಕಳು ಪಕ್ಕದಲ್ಲಿ ಕುಣಿದರೂ ಬಿಂಬ ಅಲುಗುವುದಿಲ್ಲ.

ಇನ್ನು ಸೂರಿನ ಮಾತು. ಮೊದಲನೇ ತಕರಾರು ಬಂದದ್ದು ಅಡ್ಡಪೈಪಿನ ವಿಷಯಕ್ಕೆ. ಶೀಟಿನ ಮನೆ ಮಾಡುವವರು ಯಾವಾಗಲೂ ಸೂರಿನ ಎರಡು ಅಂಚನ್ನು ಕೆಳಗಡೆ ಒಂದು ಅಡ್ಡಪೈಪಿನಿಂದ ಬಿಗಿಯುತ್ತಾರೆ. ಮೇಸ್ತ್ರಿಯೂ ಹಾಗೇ ಬಿಗಿದಿದ್ದರು. ಆದರೆ ಸೂರು ಪಶ್ಚಿಮಕ್ಕೆ ಹೋಗುವಾಗ, ನಡುಮಧ್ಯದಿಂದ ಪೂರ್ವಕ್ಕಿರುವ ಪ್ರತಿಯೊಂದು ಪೈಪೂ ದೂರದರ್ಶಕದ ತಲೆಯ ಮೇಲೇ ಹಾದುಹೋಗಬೇಕು. ಕೆಳಗಿದ್ದರೆ ಕೊಳವೆಗೆ ಬಡಿಯುತ್ತದೆ. ನಾನು ಒಂದು ಪೊರಕೆ ತಂದು, ಕಂಬದ ಮೇಲೆ ದೂರದರ್ಶಕದ ಎತ್ತರಕ್ಕೆ ಹಿಡಿದು ತೋರಿಸಿದೆ. ಚಿತ್ರದಲ್ಲಿ ಮೂರು ಸಲ ಬರೆದರೂ ಆಗದ ಕೆಲಸ ಪೊರಕೆಯಿಂದ ಆಯಿತು. ಪೈಪುಗಳನ್ನು ಕಿತ್ತು ತೊಲೆಯ ಹತ್ತಿರಕ್ಕೆ ಏರಿಸಿದರು. ಹೋದ ಬಿಗಿಗೆ ಬದಲಾಗಿ ಪ್ರತಿ ಮೂಲೆಗೂ ತ್ರಿಕೋನದ ಪ್ಲೇಟು ಕೂರಿಸಿದರು. ಪೂರ್ವದ ಮುಖದ ತ್ರಿಕೋನದ ಶೀಟನ್ನೂ ಸೂರಿಗೆ ಅಂಟಿಸದೆ, ಗೋಡೆಯ ಮೇಲೆ ಕೀಲು ಹಾಕಿ ಹೊರಕ್ಕೆ ಮಡಚುವ ಹಾಗೆ ಮಾಡಿದರು. ಇದು ಪೂರ್ತಿ ಅವರದೇ ಯೋಚನೆ.

ಮೊದಲ ಸಲ ಸೂರು ತಳ್ಳಿದ ದಿನವನ್ನು ನಾನು ಮರೆಯುವುದಿಲ್ಲ. ಎರಡೂ ಬದಿಗೆ ಮೂರು ಮೂರು ಗೇಟಿನ ಗಾಲಿ. ಗಾಲಿಯ ಸುತ್ತ ವಿ ಆಕಾರದ ಕೊರೆ, ಕೆಳಗೆ ಆಂಗಲನ್ನು (ಎಲ್ ಆಕಾರದ ಕಬ್ಬಿಣದ ಪಟ್ಟಿ) ಮಗುಚಿ ಹಾಕಿದ ಹಳಿ. ಎರಡು ಅಡಿ ಬೆಣ್ಣೆಯಂತೆ ಹೋಯಿತು. ಆರನೇ ಅಡಿಗೆ ಕಿರ್ರ್ ಅಂತ ಕಿರುಚಿ ನಿಂತಿತು. ನಾಲ್ಕು ಜನ ತಳ್ಳಿದರೂ ಕದಲಲಿಲ್ಲ. ಹುಡುಗರು ಸುತ್ತಿಗೆ ತರಲು ಹೊರಟರು.

ಮೇಸ್ತ್ರಿ ಬೇಡ ಅಂದರು. ಜೇಬಿನಿಂದ ನೈಲಾನ್ ದಾರ ತೆಗೆದು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದು ಕಟ್ಟಿದರು. ಟೇಪು ಹಿಡಿದು ಒಂದೊಂದು ಅಡಿಗೂ ಎರಡು ಹಳಿಯ ನಡುವಿನ ಅಂತರ ಅಳೆದು, ಚಾನೆಲ್ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾ ಹೋದರು. ಸೊನ್ನೆ. ಸೊನ್ನೆ. ಒಂದು. ಮೂರು. ಹಂದರದ ತುದಿಗೆ ಬರುವ ಹೊತ್ತಿಗೆ ಎಂಟು ಮಿಲಿಮೀಟರ್ ಕಮ್ಮಿ. ಹಳಿಯ ಆಂಗಲನ್ನು ಚಾನೆಲ್‌ಗೆ ಒಂದೇ ಬದಿಯಲ್ಲಿ ಉದ್ದಕ್ಕೂ ವೆಲ್ಡ್ ಮಾಡಿದ್ದರು. ಬೆಸೆದ ಕಡೆ ಕಬ್ಬಿಣ ಕಾದು, ಆರುವಾಗ ಕುಗ್ಗಿ, ಇಡೀ ಚಾನೆಲನ್ನೇ ಬಿಲ್ಲಿನ ಹಾಗೆ ಎಳೆದುಕೊಂಡಿತ್ತು. ಅವರು ಬಹಳ ಹೊತ್ತು ಆ ಎಂಟರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಆಮೇಲೆ ಗ್ರೈಂಡರ್ ಎತ್ತಿಕೊಂಡು ತಾವು ಮಾಡಿದ ಬೆಸುಗೆಯನ್ನು ತಾವೇ ಉದ್ದಕ್ಕೂ ಕತ್ತರಿಸಿದರು.

ಎರಡನೇ ಸಲ ಒಂದು ಅಡಿಗೆ ಒಂದರಂತೆ, ಎರಡೆರಡು ಇಂಚು ಮಾತ್ರ, ಒಮ್ಮೆ ಈ ಬದಿ ಒಮ್ಮೆ ಆ ಬದಿ ಬೆಸೆದರು. ಪ್ರತಿ ಬೆಸುಗೆ ಆರಿದ ಮೇಲೆ ದಾರ ಎಳೆದು ನೋಡಿಯೇ ಮುಂದಿನದು. ಇಡೀ ದಿನ ಹಿಡಿಯಿತು.

ಜೊತೆಗೆ ಇನ್ನೊಂದು ಬದಲಾವಣೆ ನಾನು ಕೇಳಿದೆ. ಎರಡೂ ಕಡೆ ಕೊರೆ ಇರುವ ಗಾಲಿ ಇದ್ದರೆ ಒಂದು ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ ಸೂರು ಸಿಕ್ಕಿಕೊಳ್ಳುತ್ತದೆ. ಒಂದು ಬದಿಯ ಗಾಲಿ ದಾರಿ ಹಿಡಿದರೆ ಸಾಕು, ಇನ್ನೊಂದು ಬದಿಯದು ಚಪ್ಪಟೆ ಇರಲಿ, ಬರೀ ಭಾರ ಹೊರಲಿ ಅಂದೆ. ಮೇಸ್ತ್ರಿ ಸ್ವಲ್ಪ ಯೋಚಿಸಿ, "ನೇಗಿಲು ಕಟ್ಟಿದಾಗ ಒಂದೆತ್ತು ಸಾಲಲ್ಲಿ ನಡಿಯುತ್ತೆ, ಇನ್ನೊಂದು ಮೇಲೆ ನಡಿಯುತ್ತೆ. ಹಂಗೇ ಅಲ್ವಾ?" ಅಂದರು. ಹೌದು, ಹಾಗೇ. ಉತ್ತರದ ಬದಿಗೆ ಚಪ್ಪಟೆ ಗಾಲಿಗಳನ್ನು ಲೇತಿನಲ್ಲಿ ಕಡೆಸಿ ತಂದರು. ಈಗ ಆ ಬದಿ ಹಳಿಯ ಮೇಲೆ ಗಾಲಿ ಆಚೀಚೆ ಅರ್ಧ ಇಂಚು ಸರಿದಾಡಿಕೊಂಡು ತನ್ನ ಪಾಡಿಗೆ ಉರುಳುತ್ತದೆ. 190 ಕೆಜಿಯ ಸೂರನ್ನು ನಮ್ಮ ಏಳನೇ ಕ್ಲಾಸಿನ ಮಗಳು ಒಂದೇ ಕೈಯಲ್ಲಿ ತಳ್ಳುತ್ತಾಳೆ.

ಗೇಟಿಗೆ ಹಾಕುವ ಮೋಟಾರ್ ಕೂರಿಸಿಕೊಡುತ್ತೇನೆ ಅಂದಿದ್ದರು. ಬೇಡ ಅಂದೆ. ಮಳೆ ಬರುವ ಹೊತ್ತಿಗೇ ಕರೆಂಟ್ ಹೋಗುವ ಊರು ನಮ್ಮದು. 2025ರ ಸೆಪ್ಟೆಂಬರ್ 7ರ ಖಗ್ರಾಸ ಚಂದ್ರಗ್ರಹಣದ ರಾತ್ರಿ ಅದು ಸಾಬೀತಾಯಿತು. ಮೋಡದ ಸಂದಿಯಲ್ಲಿ ತಾಮ್ರದ ಬಣ್ಣದ ಚಂದ್ರನನ್ನು ನೋಡುತ್ತಾ ಹದಿನೈದು ಜನ ನಿಂತಿದ್ದೆವು. ಹನಿ ಬಿತ್ತು. ಕರೆಂಟೂ ಹೋಯಿತು. ಕತ್ತಲಲ್ಲೇ ಕೊಳವೆ ಮಲಗಿಸಿ, ಸೂರು ಎಳೆದು ಮುಚ್ಚಿದೆವು. ಕನ್ನಡಿಯ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಗಾಳಿಯ ಬಗ್ಗೆ ಯಾರೂ ಉದಾಸೀನ ಮಾಡಬೇಡಿ. ಚಿತ್ರದುರ್ಗದ ಬಳಿಯ ಜೋಗಿಮಟ್ಟಿಯ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ನನ್ನ ಒರಟು ಲೆಕ್ಕ ಹೀಗೆ: ಸೂರಿನ ಹರವು ಸುಮಾರು 11 ಚದರ ಮೀಟರ್. ಗಂಟೆಗೆ 60 ಕಿಲೋಮೀಟರ್ ಗಾಳಿ ಬೀಸಿದರೆ ಅದನ್ನು ಮೇಲಕ್ಕೆ ಎಳೆಯುವ ಬಲ ಸೂರಿನ ತೂಕಕ್ಕೆ ಹತ್ತಿರ ಹತ್ತಿರ ಸಮ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ, ಹಾಗಾಗಿ 85ಕ್ಕೆ ಹೋದರೆ ಅದರ ಎರಡರಷ್ಟು. ಬರೀ ತೂಕ ನಂಬಿದರೆ ಸೂರು ಪಕ್ಕದ ಶೇಂಗಾ ಹೊಲದಲ್ಲಿರುತ್ತದೆ. ಮೇಸ್ತ್ರಿಗೆ ಈ ಲೆಕ್ಕ ಹೇಳಿದ್ದೇ ತಡ, ಪ್ರತಿ ಗಾಲಿಯ ಪಕ್ಕ ಚಾನೆಲ್‌ನ ಅಡಿಗೆ ಹಿಡಿದುಕೊಳ್ಳುವ ದಪ್ಪ ಕೊಕ್ಕೆ ಮಾಡಿದರು. ಸೂರು ಎಲ್ಲಿ ನಿಂತಿದ್ದರೂ, ಸರಿಯುತ್ತಿರುವಾಗಲೂ, ಕೊಕ್ಕೆ ಹಳಿಯನ್ನು ಬಿಡುವುದಿಲ್ಲ. ಮುಚ್ಚಿದ ಮೇಲೆ ನಾಲ್ಕು ಮೂಲೆಗೆ ತಿರುಪು ಬಿಗಿಯುತ್ತೇವೆ. ಎರಡು ಆಷಾಢ ಹೋಯಿತು, ಒಂದು ಕೂದಲೆಳೆಯಷ್ಟೂ ಕದಲಿಲ್ಲ.

ಬೇಸರದ ಸಂಗತಿಗಳನ್ನೂ ಹೇಳಿಬಿಡುತ್ತೇನೆ. ರೆಡ್ ಆಕ್ಸೈಡ್ ಒಂದೇ ಕೋಟ್ ಹೊಡೆದಿದ್ದರು. ಮೊದಲ ಮಳೆಗೇ ಬೆಸುಗೆಯ ಬಾಯಲ್ಲೆಲ್ಲ ತುಕ್ಕಿನ ಕಂದು ನೀರು ಇಳಿಯಿತು. ಫೋನ್ ಮಾಡಿದರೆ "ನಾಳೆ ಬರ್ತೀನಿ ಮೇಡಂ". ಮದುವೆ ಸೀಸನ್, ಗೃಹಪ್ರವೇಶದ ಗೇಟು, ಒಂದಾದ ಮೇಲೆ ಒಂದು ಕಾರಣ. ಆ ನಾಳೆ ಬಂದದ್ದು 19 ದಿನಕ್ಕೆ. ಬಂದ ಮೇಲೆ ಉಜ್ಜಿ, ಎರಡು ಕೋಟ್ ಹೊಡೆದು, ಒಂದು ರೂಪಾಯಿ ತೆಗೆದುಕೊಳ್ಳದೆ ಹೋದರು. ನೀವು ಮಾಡಿಸುವಾಗ ಎರಡು ಕೋಟ್ ಅಂತ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಚೌಕ ಪೈಪಿನ ತೆರೆದ ಬಾಯಿಗಳಿಗೆ ಮುಚ್ಚಳ ಹಾಕಿಸಿ. ನಮ್ಮಲ್ಲಿ ಹಾಕಿರಲಿಲ್ಲ, ಆರು ಪೈಪಿನೊಳಗೆ ಕಡಜ ಗೂಡು ಕಟ್ಟಿತು.

ಸೂರಿಗೂ ಗೋಡೆಗೂ ನಡುವಿನ ಎರಡು ಇಂಚು ಸಂದಿಯಲ್ಲಿ ಗಾಳಿಮಳೆ ನುಗ್ಗುತ್ತಿತ್ತು. ಅದಕ್ಕೆ ಹೆದ್ದಾರಿ ಬದಿಯ ಅಂಗಡಿಯಿಂದ ಲಾರಿ ಚಕ್ರದ ಹಿಂದೆ ನೇತುಹಾಕುವ ರಬ್ಬರ್ ಹಾಳೆ ತಂದು, ಪಟ್ಟಿ ಪಟ್ಟಿ ಕತ್ತರಿಸಿ ನೇತುಹಾಕಿದೆವು. ಇಷ್ಟು ಒಳ್ಳೆಯ ಮದ್ದು ಬೇರೆ ಇಲ್ಲ. ಶೀಟಿನ ಒಳಮೈಗೆ ಬೆಳ್ಳಿಹಾಳೆಯ ಫೋಮ್ ಹಾಕಿಸಿ ಅಂತ ಮೇಸ್ತ್ರಿ ಹೇಳಿದ್ದರು. ದುಡ್ಡು ಉಳಿಯಲಿ ಅಂತ ನಾನೇ ಬೇಡ ಅಂದಿದ್ದೆ. ಜನವರಿಯ ಬೆಳಗಿನ ಜಾವ ತಣ್ಣಗಾದ ಶೀಟಿನಿಂದ ತೊಟ್ಟಿಕ್ಕುವ ನೀರು ನೋಡಿ ಮರುವರ್ಷ ಹಾಕಿಸಿದೆ. ಗೋಡೆಗೆ ಸಿಮೆಂಟ್ ಬ್ಲಾಕ್ ಬಳಸಿದ್ದೂ ಸರಿಯಲ್ಲ ಅಂತ ಈಗ ಅನ್ನಿಸುತ್ತದೆ. ಹಗಲಿನ ಬಿಸಿಲು ಕುಡಿದ ಗೋಡೆ ರಾತ್ರಿ ಒಂಬತ್ತರವರೆಗೂ ಬೆಚ್ಚಗಿರುತ್ತದೆ, ಬಿಂಬ ಕುದಿಯುವ ನೀರಿನಡಿಯ ಕಲ್ಲಿನಂತೆ ನಡುಗುತ್ತದೆ. ಗೋಡೆಯೂ ಶೀಟಿನದೇ ಆಗಿದ್ದರೆ ಬೇಗ ಆರುತ್ತಿತ್ತು. ಈಗ ಹೊತ್ತು ಮುಳುಗುತ್ತಲೇ ಸೂರು ತೆರೆದಿಡುತ್ತೇವೆ.

ಖರ್ಚು ಎಲ್ಲರೂ ಕೇಳುತ್ತಾರೆ. ಕಬ್ಬಿಣದ ಕೆಲಸ ಕೂಲಿ ಸೇರಿ ಕೆಜಿಗೆ 120 ರೂಪಾಯಿಯಂತೆ, 430 ಕೆಜಿಗೆ 51,600. ಗಾರೆ ಕೆಲಸ 48,000. ಶೀಟು, ಸ್ಕ್ರೂ 11,500. ಗಾಲಿ, ಬೇರಿಂಗು, ಲೇತಿನ ಕೂಲಿ 4,200. ಒಟ್ಟು 1,15,300. ಹಳಿ ಬಿಚ್ಚಿ ಮತ್ತೆ ಬೆಸೆದ ದಿನದ ಕೂಲಿ ಅವರು ಬಿಲ್ಲಿಗೆ ಹಾಕಲಿಲ್ಲ. ಕೈಕೆಲಸಕ್ಕೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹೇಳಿದ ದಿನಕ್ಕೆ ಬರುವ ವಿಷಯದಲ್ಲಿ ಎರಡೇ. ಇಂಥ ಅಂಗಡಿಗೆ ಹೋಗುವವರು ನಕ್ಷೆ ಕೊಟ್ಟು ಬಂದುಬಿಡಬೇಡಿ. ಯಾವುದು ಯಾಕೆ ಬೇಕು ಅಂತ ಕೂತು ಹೇಳಿ. ಯಾಕೆ ಅಂತ ಗೊತ್ತಾದ ಮೇಲೆ ನಮ್ಮ ಮೇಸ್ತ್ರಿ ಮಾಡಿದ ಪ್ರತಿಯೊಂದೂ ನನ್ನ ನಕ್ಷೆಗಿಂತ ಮೇಲಾಗಿತ್ತು.

2025ರ ನವೆಂಬರ್‌ನಲ್ಲಿ ಶನಿಯ ಉಂಗುರ ಬರೀ ಒಂದು ಗೆರೆಯಷ್ಟು ತೆಳುವಾಗಿ ಕಂಡಾಗ ಅವರನ್ನು ಮನೆಮಂದಿ ಸಮೇತ ಕರೆದಿದ್ದೆವು. ಎಲ್ಲರೂ ನೋಡಿದ ಮೇಲೆ ಕೊನೆಗೆ ಅವರು ಕಣ್ಣಿಟ್ಟರು. ಎದ್ದು ಬಂದವರು ಶನಿಯ ಮಾತೇ ಆಡಲಿಲ್ಲ. ಟಾರ್ಚ್ ಹಾಕಿ ದಕ್ಷಿಣದ ಹಳಿ ನೋಡಿ, "ಮೇಡಂ, ಈ ಕಡೆ ಚಾನೆಲ್ ಅಡ್ಡ ಬರಲ್ವಾ?" ಅಂದರು.

ಬರುತ್ತದೆ. ಕಂಬದ ಎತ್ತರ ಲೆಕ್ಕ ಹಾಕುವಾಗ ನಾನು ಗೋಡೆಯನ್ನು ಮಾತ್ರ ಹಿಡಿದಿದ್ದೆ. ಗೋಡೆಯ ಮೇಲೆ ಕೂರುವ ಚಾನೆಲ್, ಆಂಗಲ್ ಎರಡನ್ನೂ ಬಿಟ್ಟಿದ್ದೆ. ದಕ್ಷಿಣದಲ್ಲಿ ಸುಮಾರು 15 ಡಿಗ್ರಿವರೆಗೆ ಮುಚ್ಚಿಹೋಗುತ್ತದೆ, ತ್ರಿಶಂಕುವಿನ ಕೆಳಗಿನ ನಕ್ಷತ್ರ ಹಳಿಯ ಹಿಂದೆಯೇ ಉಳಿಯುತ್ತದೆ. ಕಂಬದ ತಲೆಗೆ 6 ಇಂಚಿನ ಪೈಪಿನ ತುಂಡು, ಎರಡು ಕಡೆ ದಪ್ಪ ಪ್ಲೇಟು ಬೆಸೆದು ಕೂರಿಸಿದರೆ 10 ಡಿಗ್ರಿಗೆ ಇಳಿಯುತ್ತದೆ. ನಮ್ಮ ಅಕ್ಷಾಂಶದಲ್ಲಿ ಮೌಂಟಿನ ತೂಕದ ಬಿಲ್ಲೆಗಳನ್ನು ಹೊರುವ ಕಡ್ಡಿ ಕಂಬಕ್ಕೆ ತಾಗುವ ತೊಂದರೆಯೂ ತಪ್ಪುತ್ತದೆ. ಸೂರಿನ ಪೈಪಿಗೂ ದೂರದರ್ಶಕಕ್ಕೂ ನಡುವೆ ಇನ್ನೂ 9 ಇಂಚು ಜಾಗ ಇದೆ, ಅವತ್ತೇ ರಾತ್ರಿ ಇಬ್ಬರೂ ಟೇಪು ಹಿಡಿದು ಅಳೆದೆವು. ಸಂಕ್ರಾಂತಿ ಕಳೆದ ಮೇಲೆ ತಂದು ಕೂರಿಸುತ್ತೇನೆ ಅಂದಿದ್ದಾರೆ. ತ್ರಿಶಂಕು ರಾತ್ರಿಯ ಹೊತ್ತಿಗೆ ಎತ್ತರಕ್ಕೆ ಬರಲು ಏಪ್ರಿಲ್‌ವರೆಗೆ ಸಮಯ ಇದೆ.